ಅರವಟ್ಟಿಗೆ ಮತ್ತು ಕೆರೆ: ಮುಕ್ತ ತಂತ್ರಾಂಶದ ಹೊಟ್ಟೆಪಾಡು

ನಮ್ಮ ಬಳಗದ ಸ್ಮರಣ ಸಂಚಿಕೆಗಳು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದ ಕಾಲವೊಂದಿತ್ತು. ಅಚ್ಚಾದ ಪ್ರತಿಗಳಲ್ಲಿ ಹೆಚ್ಚಿನವು 2005ರ ಜುಲೈ 26ರ ಮಳೆಯಲ್ಲಿ, ಕಲ್ಯಾಣದ ಒಂದು ನೆಲಮಹಡಿಯ ಮನೆಯಲ್ಲಿ ನೀರುಪಾಲಾದವು. ಹಳೆಯ ಕಡತಗಳನ್ನು ತುಂಬಿಟ್ಟಿದ್ದ ಸಿ.ಡಿ.ಯೊಂದು ಈಚೆಗೆ ಕೈಗೆ ಸಿಕ್ಕಾಗ ನಮಗಾದ ಹಿಗ್ಗು ಅಷ್ಟಿಷ್ಟಲ್ಲ. ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ. ರೋಮನ್ ಅಕ್ಷರಗಳೂ ತಲೆಯ ಮೇಲೆ ಚುಕ್ಕೆ ಗೆರೆಗಳನ್ನು ಹೊತ್ತ ಯೂರೋಪಿನ ಸ್ವರಗಳೂ ಬೆರೆತ ಗೋಜಲು. ಬರೆದವರಲ್ಲಿ ಇಬ್ಬರು ಈಗಿಲ್ಲ. ಅವರ ಹಸ್ತಪ್ರತಿಗಳೂ ನಮ್ಮಲ್ಲಿಲ್ಲ.

ಈ ಗೋಜಲಿನ ಹಿಂದೊಂದು ಚರಿತ್ರೆಯಿದೆ. ತಂತ್ರಾಂಶವನ್ನು ಯಾರು ಕಟ್ಟುತ್ತಾರೆ, ಹೇಗೆ ಕೊಡುತ್ತಾರೆ, ಕೊಟ್ಟವರ ಹೊಟ್ಟೆಪಾಡು ಹೇಗೆ ನಡೆಯುತ್ತದೆ ಎಂಬುದರ ಚರಿತ್ರೆ. ಅದರ ಮೊದಲ ಪುಟಗಳಲ್ಲಿ ಮುಂಬಯಿಯ ಹೆಸರು ದೊಡ್ಡದಾಗಿಯೇ ಇದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಇಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು. ಮುಂದೆ ಮುದ್ರಣ ಮತ್ತು ಅಕ್ಷರ ಜೋಡಣೆಯ ಲೋಕಕ್ಕೆ ಬಂದು ಮೋನೋಟೈಪ್ ಸಂಸ್ಥೆಯಲ್ಲಿ ದುಡಿದವರು. ಇಂಗ್ಲಿಷಿನ ಕೀಲಿಮಣೆಯಲ್ಲಿಯೇ ಕನ್ನಡದ ಧ್ವನಿಗಳನ್ನು ಹೊಂದಿಸಿ, ಎಫ್ ಕೀಲಿಯಿಂದ ಒತ್ತಕ್ಷರ ಮೂಡುವಂತೆ ಅವರು ಮಾಡಿದ ವಿನ್ಯಾಸ ಇಂದಿಗೂ ಕನ್ನಡ ಟೈಪಿಸುವ ಎಷ್ಟೋ ಕೈಗಳಲ್ಲಿದೆ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಅವರು ರೂಪಿಸಿದ ತಂತ್ರಾಂಶವನ್ನೂ ಈ ವಿನ್ಯಾಸವನ್ನೂ ಅವರು ಬೆಲೆ ಕಟ್ಟದೆ ಕೊಟ್ಟರು. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ 1996ರಲ್ಲಿ ‘ವಿಶ್ವ ಕನ್ನಡ’ವನ್ನು ಆರಂಭಿಸಿ ಕನ್ನಡವನ್ನು ಅಂತರಜಾಲಕ್ಕೆ ಏರಿಸಿದರು. ಇಬ್ಬರಿಗೂ ಅನ್ನ ಕೊಟ್ಟದ್ದು ಬೇರೆ ಉದ್ಯೋಗ. ಕನ್ನಡದ ಕೆಲಸ ಮಿಕ್ಕ ವೇಳೆಯದು.

1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಹೊರತಂದರು. ಹೊರನಾಡಿನ ನಮ್ಮಂಥವರಿಗೆ ಅದು ವರವೇ ಆಗಿತ್ತು. ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಬಂದ ಮೇಲೆ ಕಚೇರಿಗಳೂ ಮುದ್ರಣಾಲಯಗಳೂ ಅದಕ್ಕೆ ಒಗ್ಗಿಕೊಂಡವು. ಎರಡೂ ಉಚಿತ. ವರ್ಷಗಳ ನಂತರ ‘ಬರಹ’ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಾದಾಗ ಗೊಣಗಿದವರಲ್ಲಿ ನಾವೂ ಇದ್ದೆವು. ಒಬ್ಬ ಮನುಷ್ಯ ಅಷ್ಟು ವರ್ಷ ಪುಕ್ಕಟೆಯಾಗಿ ದುಡಿದದ್ದಕ್ಕೆ ನಾವು ಏನು ಕೊಟ್ಟಿದ್ದೆವು ಎಂಬ ಪ್ರಶ್ನೆ ಮಾತ್ರ ಆಗ ನಮಗೆ ಹೊಳೆದಿರಲಿಲ್ಲ. ಇಂದು ನೆನೆದರೆ ನಾಚಿಕೆಯಾಗುತ್ತದೆ.

ನಾವು ಎಡವಿದ್ದು ‘ಉಚಿತ’ ಮತ್ತು ‘ಮುಕ್ತ’ ಎಂಬ ಎರಡು ಮಾತುಗಳ ನಡುವೆ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದಾಗ ಅವರ ಹಟ ಬೆಲೆಯ ಕುರಿತಾಗಿರಲಿಲ್ಲ. ತಂತ್ರಾಂಶದ ಮೂಲ ಬರಹವನ್ನು ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಹಕ್ಕಿನ ಕುರಿತಾಗಿತ್ತು. ಬಿಸಿಲುಗಾಲದಲ್ಲಿ ದಾರಿಹೋಕರಿಗೆ ಇಡುವ ಅರವಟ್ಟಿಗೆ ಉಚಿತ. ಇಟ್ಟವರ ಮನಸ್ಸೋ ಕೈಯೋ ಸೋತರೆ ಮರುವರ್ಷ ಅಲ್ಲಿ ಮಡಕೆಯಿರುವುದಿಲ್ಲ. ಕೆರೆಯ ಮಾತು ಬೇರೆ. ಕೆರೆ ಕಟ್ಟಿಸಿದವರನ್ನು ಹೊಗಳಿ ನಮ್ಮ ಶಾಸನಗಳು ಸುಮ್ಮನಾಗುವುದಿಲ್ಲ; ಹೂಳೆತ್ತಲು, ಏರಿಯ ಬಿರುಕು ಮುಚ್ಚಲು ಬಿಟ್ಟ ಭೂಮಿಯನ್ನೂ ಪಾಲನ್ನೂ ನಮೂದಿಸುತ್ತವೆ. ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಹುಟ್ಟಿದ್ದೇ ಆ ವ್ಯವಸ್ಥೆಯಲ್ಲಿ. ನೀರು ಊರಿನದಾದರೂ ಹೂಳೆತ್ತುವವನಿಗೆ ಕೂಲಿಯುಂಟು.

ಮುಕ್ತ ತಂತ್ರಾಂಶದ ಬಿತ್ತುವಟ್ಟವನ್ನು ಮೊದಲು ಕಂಡುಕೊಂಡವರಲ್ಲಿ 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಸಿಗ್ನಸ್ ಎಂಬ ಕಂಪನಿಯದು ಎದ್ದುಕಾಣುವ ಹೆಸರು. ಗ್ನೂ ಉಪಕರಣಗಳು ಯಾರಿಗಾದರೂ ಸಿಗುವಂಥವು. ಅವನ್ನು ಹೊಸ ಚಿಪ್ಪುಗಳಿಗೆ ಹೊಂದಿಸಿಕೊಡಲು, ಕೆಟ್ಟಾಗ ಸರಿಪಡಿಸಲು ಸಿಗ್ನಸ್ ಹಣ ಪಡೆಯಿತು. ಅದನ್ನು ಮುಂದೆ ಕೊಂಡ ರೆಡ್ ಹ್ಯಾಟ್ ಇದೇ ದಾರಿಯಲ್ಲಿ ಬೆಳೆಯಿತು. 2019ರಲ್ಲಿ ಐ.ಬಿ.ಎಂ. ರೆಡ್ ಹ್ಯಾಟನ್ನು ಕೊಂಡಾಗ ತೆತ್ತ ಬೆಲೆ 3,400 ಕೋಟಿ ಡಾಲರು.

ಇದನ್ನು ಅರಿಯಲು ನಾವು ಅಷ್ಟು ದೂರ ಹೋಗಬೇಕಿರಲಿಲ್ಲ. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಕಾರ್ಯಾರಂಭ ಮಾಡಿದ್ದು ವಾಗ್ಳೆ ಎಸ್ಟೇಟಿನಲ್ಲಿಯೇ. ಇಂದು ಇಲ್ಲಿನ ನಂಬರು ಹೊತ್ತ ರಸ್ತೆಗಳಲ್ಲಿ ಗಾಜಿನ ಐ.ಟಿ. ಕಟ್ಟಡಗಳು ಎದ್ದಿವೆ, ಅವುಗಳ ನಡುವೆ ಉಳಿದ ಸಣ್ಣ ಶೆಡ್ಡುಗಳ ಬದುಕು ಜಾಬ್ ವರ್ಕಿನದು. ನಕ್ಷೆ ಗಿರಾಕಿಯದು, ಕಬ್ಬಿಣವೂ ಗಿರಾಕಿಯದು. ಲೇತ್ ಯಂತ್ರ ಮತ್ತು ಕೈಚಳಕ ಶೆಡ್ಡಿನದು. ನಕ್ಷೆಯ ಒಡೆತನವಿಲ್ಲದೆಯೂ ಕೌಶಲದ ಕೂಲಿಯಿಂದ ಸಂಸಾರ ನಡೆಯುತ್ತದೆ ಎಂಬುದಕ್ಕೆ ಬೇರೆ ಪ್ರಮಾಣ ಬೇಡ.

ಮುಂಬಯಿಯ ರುಷಭ್ ಮೆಹ್ತಾ ಅವರ ಮನೆತನದ್ದು ಪೀಠೋಪಕರಣಗಳ ಉದ್ಯಮ. ಅದರ ಲೆಕ್ಕಪತ್ರ, ದಾಸ್ತಾನು ನೋಡಿಕೊಳ್ಳಲು ಕೊಂಡ ತಂತ್ರಾಂಶ ಕೈಕೊಟ್ಟಾಗ ತಾವೇ ಒಂದನ್ನು ಬರೆಯಲು ಕುಳಿತರು. 2008ರಲ್ಲಿ ಕಂಪನಿ ಕಟ್ಟಿದರು. ಆ ತಂತ್ರಾಂಶವೇ ಇಂದಿನ ಇಆರ್‌ಪಿನೆಕ್ಸ್ಟ್, ಕಂಪನಿ ಫ್ರಾಪೆ. ಮೂಲ ಬರಹ ಎಲ್ಲರಿಗೂ ತೆರೆದಿದೆ. ಅದನ್ನು ತಮ್ಮ ಸರ್ವರಿನಲ್ಲಿ ನಡೆಸಿಕೊಡುವುದಕ್ಕೆ, ತೊಡಕು ಬಿಡಿಸುವುದಕ್ಕೆ ಕಂಪನಿ ಹಣ ಪಡೆಯುತ್ತದೆ. ಬೇರೆಯವರೂ ಅದೇ ಕೆಲಸ ಮಾಡಿ ಹಣ ಪಡೆಯಬಹುದು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಂತೆ ಕಾನೂನು ಬದಲಾದಾಗಲೆಲ್ಲ ಲೆಕ್ಕದ ತಂತ್ರಾಂಶವನ್ನು ತಿದ್ದಲೇಬೇಕು. ಸರ್ಕಾರ ನಿಯಮ ಬದಲಿಸುವುದನ್ನು ನಿಲ್ಲಿಸುವವರೆಗೆ ಈ ಕಸುಬಿಗೆ ಬರಗಾಲವಿಲ್ಲ!

ಇದೇ ಕಂಪನಿಯಲ್ಲಿ ಬಂಡವಾಳ ಹೂಡಿರುವ ಬೆಂಗಳೂರಿನ ಜೆರೋಧಾ ಷೇರು ವಹಿವಾಟಿನ ಸಂಸ್ಥೆ. ಮುಕ್ತ ತಂತ್ರಾಂಶವನ್ನು ಧಾರಾಳವಾಗಿ ಬಳಸಿ ಬೆಳೆದ ಅದು, ಅಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರುಗಳವರೆಗೆ ನೀಡುವ ನಿಧಿಯೊಂದನ್ನು 2024ರಲ್ಲಿ ಘೋಷಿಸಿತು. ಅದರ ತಂತ್ರಜ್ಞಾನದ ಮುಖ್ಯಸ್ಥ ಕೈಲಾಶ್ ನಾಧ್ ಅವರ ಆಸ್ಥೆಯಿಂದಲೇ, ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ರಚಿಸಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಡಿ ಲೋಕಕ್ಕೆ ಸಿಕ್ಕಿತು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳು. ಆದರೆ ನಿಘಂಟು ಮಾರಿ ಯಾರೂ ಷೇರು ಪೇಟೆಯ ಲಾಭ ಗಳಿಸಲಾರರು. ವ್ಯಾಪಾರಕ್ಕೆ ಬೇಕಾದ ತಂತ್ರಾಂಶಕ್ಕೆ ಗಿರಾಕಿ ಸಿಗುತ್ತಾನೆ. ಭಾಷೆಗೆ ಬೇಕಾದ ತಂತ್ರಾಂಶ ಇನ್ನೂ ದಾನಿಯ ದಾರಿಯನ್ನೇ ಕಾಯುತ್ತಿದೆ. ಕನ್ನಡದ ಮಟ್ಟಿಗೆ ನಮ್ಮನ್ನು ಕಾಡುವ ಸಂಗತಿ ಇದು.

ನಮ್ಮ ಸಿ.ಡಿ.ಯ ಗೋಜಲನ್ನು ಬಿಡಿಸಿದ್ದೂ ಅಂಥದ್ದೇ ಒಂದು ಕೊಡುಗೆ. ‘ನುಡಿ’ ಮತ್ತು ‘ಬರಹ’ದ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕವೊಂದನ್ನು ಅರವಿಂದ ವಿ. ಕೆ. ಬರೆದು ಮೂಲ ಸಮೇತ ತೆರೆದಿಟ್ಟಿದ್ದಾರೆ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಅಕ್ಷರಶೈಲಿಗಳೂ ಅವರವೇ. ಗೋಜಲನ್ನು ಅದಕ್ಕೆ ಉಣಿಸಿದೆವು. ತೀರಿಕೊಂಡ ಗೆಳೆಯರ ಬರಹ ಸಾಲುಸಾಲಾಗಿ ಮರಳಿ ಬಂತು. ಅಲ್ಲಲ್ಲಿ ಅರ್ಕಾವೊತ್ತು ಜಾಗ ತಪ್ಪಿತ್ತು. ಎರಡು ಭಾನುವಾರ ಕುಳಿತು ತಿದ್ದಿದೆವು.

ಮುಂದಿನ ಸಂಚಿಕೆಯ ಜಾಹೀರಾತಿನ ಹಣದಲ್ಲಿ ಒಂದು ಪಾಲನ್ನು ಇಂಥ ಕೆಲಸಕ್ಕೆ ತೆಗೆದಿಡೋಣವೆಂದು ಸಭೆಯಲ್ಲಿ ಮಾತಾಯಿತು. ಯಾರ ವಿರೋಧವೂ ಇರಲಿಲ್ಲ. ಹಣವನ್ನು ಯಾರ ಹೆಸರಿಗೆ ಕಳಿಸುವುದು, ರಸೀದಿ ಯಾರಿಂದ ತರುವುದು ಎಂದು ನಮ್ಮ ಕೋಶಾಧಿಕಾರಿಗಳು ಕೇಳಿದ್ದಾರೆ. ವಿಷಯ ಮುಂದಿನ ಸಭೆಗೆ ಹೋಗಿದೆ.