ಲ್ಯಾಪ್‌ಟಾಪ್ ಕೈಕೊಟ್ಟರೂ ಫೈಲ್ ಉಳಿಯಬೇಕೆ? ಇಲ್ಲಿವೆ ಕಡಿಮೆ ಖರ್ಚಿನ ಬ್ಯಾಕಪ್ ದಾರಿಗಳು

ಲ್ಯಾಪ್‌ಟಾಪ್ ಹೋದರೆ ಹೊಸದು ತರಬಹುದು. ಆದರೆ ಅದರೊಳಗಿನ ಉದ್ರಿ ಲೆಕ್ಕ, ಬಿಲ್, ಮದುವೆ ಫೋಟೋ, ಜಮೀನಿನ ಕಾಗದದ ಸ್ಕ್ಯಾನ್ ಯಾವ ಅಂಗಡಿಯಲ್ಲೂ ಸಿಗಲ್ಲ. ಕೆಟ್ಟ ಡಿಸ್ಕ್‌ನಿಂದ ಡೇಟಾ ತೆಗೆಸಲು ಸಾವಿರಾರು ರೂಪಾಯಿ ಬೇಕು, ಸಿಕ್ಕೇ ಸಿಗುತ್ತದೆ ಅನ್ನೋ ಖಾತ್ರಿಯೂ ಇಲ್ಲ.

ವ್ಯಾಪಾರಿಗಳಿಗೆ ಇದು ಇನ್ನೂ ಮುಖ್ಯ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು.

ಮೊದಲು ಯಾವುದು ಬೇಕು ಅಂತ ನೋಡಿ

ಇಡೀ ಲ್ಯಾಪ್‌ಟಾಪ್ ಕಾಪಿ ಮಾಡಬೇಕಿಲ್ಲ. ಸಿನಿಮಾ, ಸಾಫ್ಟ್‌ವೇರ್ ಮತ್ತೆ ಸಿಗುತ್ತವೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಲೆಕ್ಕದ ಫೋಲ್ಡರ್ ಮುಖ್ಯ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಮರೆಯಬೇಡಿ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ಇದ್ದರೆ ಆ ಫಾಂಟ್‌ಗಳನ್ನೂ ಜೊತೆಗೆ ಇಡಿ. ಇಲ್ಲದಿದ್ದರೆ ಬೇರೆ ಕಂಪ್ಯೂಟರ್‌ನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಾಣುತ್ತವೆ.

1. ಪೆನ್‌ಡ್ರೈವ್

ಲೆಕ್ಕದ ಫೈಲ್‌ಗಳಿಗೆ 32 ಜಿಬಿ ಧಾರಾಳ ಸಾಕು. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಕೀ ಒಟ್ಟಿಗೆ ಒತ್ತಿ, ಬ್ಯಾಕಪ್ ಆರಿಸಿ, ಜಾಗ ಕೇಳಿದಾಗ ಪೆನ್‌ಡ್ರೈವ್ ತೋರಿಸಿ. ಅದೇ ಲ್ಯಾಪ್‌ಟಾಪ್‌ನೊಳಗೆ ಬ್ಯಾಕಪ್ ಇಟ್ಟರೆ ಇಟ್ಟೂ ಇಡದಂಗೆ. ಪೆನ್‌ಡ್ರೈವ್ ಬೇಗ ಕೆಡಬಹುದು, ಕಳೆದೂ ಹೋಗಬಹುದು. ಹಾಗಾಗಿ ಎರಡು ಇಟ್ಟುಕೊಂಡು ವಾರಕ್ಕೊಂದರಂತೆ ಬದಲಿಸಿ.

2. ಹಳೇ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್

ಮೂಲೆಗೆ ಬಿದ್ದ ಲ್ಯಾಪ್‌ಟಾಪ್‌ನ ಡಿಸ್ಕ್ ಚೆನ್ನಾಗಿದ್ದರೆ ಯುಎಸ್‌ಬಿ ಕೇಸಿಂಗ್‌ಗೆ ಹಾಕಿಸಿ. ಕೆಲವು ನೂರು ರೂಪಾಯಿಯಲ್ಲಿ ಎಕ್ಸ್‌ಟರ್ನಲ್ ಡಿಸ್ಕ್ ಸಿದ್ಧ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಅದರ ಆರೋಗ್ಯ ನೋಡಿ. 'ಗುಡ್' ಅಂತ ಬಂದರಷ್ಟೇ ಬಳಸಿ.

3. ವಿಂಡೋಸ್‌ನಲ್ಲೇ ಇರುವ ಸೌಲಭ್ಯ

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೈಲ್ ಹಿಸ್ಟರಿ ಆನ್ ಮಾಡಿದರೆ, ಡಿಸ್ಕ್ ಸಿಕ್ಕಿಸಿರುವಾಗ ಗಂಟೆಗೊಮ್ಮೆ ತಾನೇ ಕಾಪಿ ಆಗುತ್ತದೆ. ಫೈಲ್‌ನ ಹಳೇ ರೂಪವೂ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಆದರೆ ಡಿ ಡ್ರೈವ್‌ನಲ್ಲಿರುವ ಫೋಲ್ಡರ್ ಇದಕ್ಕೆ ತಾನಾಗಿ ಸೇರಲ್ಲ, ಅದನ್ನು ಲೈಬ್ರರಿಗೆ ಸೇರಿಸಿ.

4. ಆನ್‌ಲೈನ್

ಗೂಗಲ್ ಖಾತೆಗೆ 15 ಜಿಬಿ ಉಚಿತ. ಆದರೆ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ. ಮೈಕ್ರೋಸಾಫ್ಟ್ ಒನ್‌ಡ್ರೈವ್‌ನಲ್ಲಿ 5 ಜಿಬಿ ಉಚಿತ. ಅಂಗಡಿಗೆ ಬೆಂಕಿ ಬಿದ್ದರೂ, ಕಳ್ಳತನ ಆದರೂ ಈ ಕಾಪಿ ಉಳಿಯುತ್ತದೆ. ಪಾಸ್‌ವರ್ಡ್ ಜೊತೆಗೆ ಟು-ಸ್ಟೆಪ್ ವೆರಿಫಿಕೇಶನ್ ಹಾಕಿಡಿ.

ಒಂದು ಎಚ್ಚರ: ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಆದ ಫೋಲ್ಡರ್‌ನಲ್ಲಿ ಫೈಲ್ ಅಳಿಸಿದರೆ ಆನ್‌ಲೈನ್‌ನಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ ಅದು 30 ದಿನ ಮಾತ್ರ ಇರುತ್ತದೆ.

ನೆನಪಿಡಬೇಕಾದ ಲೆಕ್ಕ: 3-2-1

ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಒಂದು, ಡಿಸ್ಕ್‌ನಲ್ಲಿ ಒಂದು, ಆನ್‌ಲೈನ್‌ನಲ್ಲಿ ಒಂದು ಇದ್ದರೆ ಆಯ್ತು. ನೆಟ್ ಸರಿಯಿಲ್ಲದ ಊರಿನವರು ಅಂಗಡಿಯದೊಂದು ಪೆನ್‌ಡ್ರೈವ್ ಮನೆಯಲ್ಲಿಟ್ಟರೂ ನಡೆಯುತ್ತದೆ.

ಕಾಪಿ ಮುಗಿದ ಮೇಲೆ ಡಿಸ್ಕ್ ಬಿಚ್ಚಿಡಿ. ರ್‍ಯಾನ್ಸಮ್‌ವೇರ್ ವೈರಸ್ ಬಂದರೆ ಸಿಕ್ಕಿಸಿದ ಡಿಸ್ಕನ್ನೂ ಲಾಕ್ ಮಾಡುತ್ತದೆ. ಫೈಲ್ ಹಿಸ್ಟರಿ ಬಳಸುವವರು ಕೂಡ ದಿನಕ್ಕೊಮ್ಮೆ ಸಿಕ್ಕಿಸಿ ತೆಗೆದರೆ ಸಾಕು. ಬಿಚ್ಚುವ ಮುನ್ನ 'ಇಜೆಕ್ಟ್' ಕೊಡಿ.

ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದೆರಡು ಫೈಲ್ ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ತೆರೆಯದಿದ್ದರೆ ಆ ಬ್ಯಾಕಪ್ ಲೆಕ್ಕಕ್ಕಿಲ್ಲ, ಅವತ್ತೇ ಹೊಸದಾಗಿ ಮಾಡಿ.