ಬೆಳಕಿನ ನೂಕು

ಬಿಸಿಲು ಬಿದ್ದದ್ದು ಬಿಸಿಯಾಗುತ್ತದೆಂಬುದು ಅಂಗಳದಲ್ಲಿ ಹಪ್ಪಳ ಒಣಗಿಸುವವರಿಗೆಲ್ಲ ತಿಳಿದ ಸಂಗತಿ. ಅದೇ ಬೆಳಕು ಪರಮಾಣುಗಳನ್ನು ನಿರಪೇಕ್ಷ ಶೂನ್ಯದ ಅಂಚಿನವರೆಗೆ ತಣಿಸಬಲ್ಲುದೆಂದರೆ ಥಟ್ಟನೆ ನಂಬಿಕೆ ಬಾರದು. ಈ ಕಥೆಯ ಮೊದಲ ಅಧ್ಯಾಯ ನಡೆದದ್ದು 1933ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ.

ಅಲ್ಲಿ ಆಟೊ ಸ್ಟರ್ನ್ ಅವರ ಪ್ರಯೋಗಶಾಲೆಯಲ್ಲಿದ್ದ ಆಟೊ ಫ್ರಿಷ್ ಎಂಬ ತರುಣ ವಿಜ್ಞಾನಿ, ನಿರ್ವಾತದಲ್ಲಿ ಹರಿಯುವ ಸೋಡಿಯಂ ಪರಮಾಣುಗಳ ಧಾರೆಯ ಮೇಲೆ ಸೋಡಿಯಂ ದೀಪದ ಬೆಳಕನ್ನು ಪಕ್ಕದಿಂದ ಬೀರಿದರು. ಬೆಳಕಿನ ಕಣವನ್ನು ನುಂಗಿದ ಪರಮಾಣು ಅದರ ನೂಕನ್ನೂ ಅನುಭವಿಸಬೇಕೆಂಬುದು ಐನ್‌ಸ್ಟೈನರ ಮತ. ಧಾರೆ ಬಾಗಿತು, ಬಾಗಿದ್ದು ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು! ಪ್ರಯೋಗವನ್ನು ಇನ್ನಷ್ಟು ಹದಗೊಳಿಸಲು ಕಾಲ ಒದಗಲಿಲ್ಲ. ಹಿಟ್ಲರನ ಸರ್ಕಾರದ ಹೊಸ ಕಾನೂನು ಯೆಹೂದ್ಯರನ್ನು ಸರ್ಕಾರಿ ಹುದ್ದೆಗಳಿಂದ ಹೊರದೂಡಿತು. ಫ್ರಿಷ್ ಲಂಡನ್ನಿಗೆ ಹೋದರು, ಸ್ಟರ್ನ್ ಅಮೆರಿಕಕ್ಕೆ. ಮುಂದೆ ಫ್ರಿಷ್ ತಮ್ಮ ಚಿಕ್ಕಮ್ಮ ಲೀಸ ಮೈಟ್ನರರೊಡನೆ ಯುರೇನಿಯಂ ಒಡೆಯುವ ಬಗೆಯನ್ನು ವಿವರಿಸಿ ಹೆಸರಾದರು. ಹ್ಯಾಂಬರ್ಗಿನ ಆ ಪ್ರಯೋಗ ಮಾತ್ರ ಅರ್ಧಕ್ಕೇ ನಿಂತಿತು.

ದೀಪದ ಬೆಳಕೂ ಸಾಲುವಂತಿರಲಿಲ್ಲವೆನ್ನಿ. ಒಂದು ಕಣದ ನೂಕು ಸೋಡಿಯಂ ಪರಮಾಣುವಿನ ವೇಗವನ್ನು ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ಮಾತ್ರ ಬದಲಿಸುತ್ತದೆ; ಅದರ ಓಟವೋ ಸೆಕೆಂಡಿಗೆ ನೂರಾರು ಮೀಟರ್. ಅದನ್ನು ತಡೆಯಲು ಸಾವಿರಾರು ನೂಕುಗಳು ಬೇಕು. ಅಷ್ಟನ್ನು ಕೊಡಬಲ್ಲ ಲೇಸರ್ ಬಂದದ್ದು 1960ರಲ್ಲಿ. ಉಪಾಯವನ್ನು 1975ರಲ್ಲಿ ಹೆನ್ಶ್ ಮತ್ತು ಶಾಲೊ ಸೂಚಿಸಿದರು. ಎದುರು ಬರುವ ರೈಲಿನ ಸೀಟಿ ಏರುದನಿಯಲ್ಲಿ ಕೇಳುವುದಷ್ಟೆ. ಹಾಗೆಯೇ ಬೆಳಕಿನ ಬಣ್ಣವನ್ನು ತುಸು ಕೆಂಪಿನತ್ತ ಸರಿಸಿಟ್ಟರೆ, ಅದರೆದುರು ಓಡಿಬರುವ ಪರಮಾಣುವಿಗೇ ಅದು ಹೆಚ್ಚು ಹೊಂದುತ್ತದೆ. ಓಡಿಬಂದವನಿಗೇ ಪೆಟ್ಟು!

1985ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೀವನ್ ಚೂ ಮತ್ತು ಸಂಗಡಿಗರು ಆರು ದಿಕ್ಕುಗಳಿಂದ ಲೇಸರ್ ಬೀರಿ ಸೋಡಿಯಂ ಪರಮಾಣುಗಳನ್ನು ಸಿಕ್ಕಿಸಿದರು. ಆ ಬೆಳಕಿಗೆ ಅವರಿಟ್ಟ ಹೆಸರಿನ ಅರ್ಥ ಕಾಕಂಬಿ. ಅಂಟಿನಲ್ಲಿ ಸಿಕ್ಕ ನೊಣದ ಪಾಡು ಪರಮಾಣುಗಳದು. ಶೂನ್ಯಕ್ಕಿಂತ ಕೇವಲ 0.00024 ಡಿಗ್ರಿ ಮೇಲೆ ಅವು ತಣಿದವು. ಸಿದ್ಧಾಂತದ ಪ್ರಕಾರ ಅದೇ ಕೊನೆಯ ಮೆಟ್ಟಿಲು.

1988ರಲ್ಲಿ ವಿಲಿಯಂ ಫಿಲಿಪ್ಸ್ ಅವರ ತಂಡ ಅಳೆದಾಗ ಸಿಕ್ಕಿದ್ದು 0.00004 ಡಿಗ್ರಿ. ಅವರು ಮೊದಲು ಶಂಕಿಸಿದ್ದು ತಮ್ಮ ಅಳತೆಯನ್ನೇ. ಬೇರೆ ಬೇರೆ ವಿಧಾನಗಳಿಂದ ಮತ್ತೆ ಅಳೆದರು. ಅಳತೆ ನಿಂತಿತು, ಸಿದ್ಧಾಂತ ಸೋತಿತು. ಲೆಕ್ಕ ತಪ್ಪಿ ಲಾಭವಾಗುವುದು ಲೋಕದಲ್ಲಿ ಅಪರೂಪ. ಪರಮಾಣುವಿನ ಒಳರಚನೆಯನ್ನು ತೀರ ಸರಳವಾಗಿ ಎಣಿಸಿದ್ದೇ ತಪ್ಪೆಂದು ಪ್ಯಾರಿಸಿನ ಕೊಹೆನ್-ತನೂಜಿ ಮತ್ತು ದಾಲಿಬಾರ್ ತೋರಿಸಿದರು. ಚೂ ಅವರ ತಂಡವೂ ಆ ಮಾತಿಗೇ ಬಂದಿತು.

ಚೂ, ಕೊಹೆನ್-ತನೂಜಿ, ಫಿಲಿಪ್ಸ್ ಮೂವರಿಗೂ 1997ರ ನೊಬೆಲ್ ಬಹುಮಾನ ಸಂದಿತು. ಫ್ರಿಷ್ 1979ರಲ್ಲೇ ತೀರಿಕೊಂಡಿದ್ದರು.