ತರಗತಿಯೇ ಆಕರ: ಡೆಬೊರಾ ಬಾಲ್ ಅವರ ಶಿಕ್ಷಕ ಶಿಕ್ಷಣದ ಕೊಡುಗೆಯ ಮರುಪರಿಶೀಲನೆ

ಶಿಕ್ಷಕರನ್ನು ತಯಾರು ಮಾಡುವ ವಿಶ್ವವಿದ್ಯಾಲಯದ ಅಧ್ಯಾಪಕರನ್ನು ಗೌರವಿಸುವ ಬರಹಗಳು ಸಾಮಾನ್ಯವಾಗಿ ಅವರ ಹುದ್ದೆ, ಪ್ರಕಟಣೆ, ಪ್ರಶಸ್ತಿಗಳ ಸುತ್ತ ಸಾಗುತ್ತವೆ. ಅಮೆರಿಕದ ಡೆಬೊರಾ ಲೋವೆನ್‌ಬರ್ಗ್ ಬಾಲ್ ಅವರ ವಿಷಯದಲ್ಲಿ ಇಂಥ ವಿವರಗಳಿಗೆ ಬರವಿಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ವೃತ್ತಿ ಆರಂಭಿಸಿದ ಅವರು 2005ರಿಂದ 2016ರವರೆಗೆ ಮಿಶಿಗನ್ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದ ಡೀನ್ ಆಗಿದ್ದರು. ಮುಂದೆ ಅಮೆರಿಕದ ಶೈಕ್ಷಣಿಕ ಸಂಶೋಧನಾ ಸಂಘದ ಅಧ್ಯಕ್ಷರೂ ಆದರು. ಲೀ ಶುಲ್ಮನ್ ಹಾಕಿಕೊಟ್ಟ ಚೌಕಟ್ಟನ್ನು ಗಣಿತಕ್ಕೆ ವಿಸ್ತರಿಸಿದವರು ಎಂಬುದು ಅವರ ಬಗೆಗಿನ ರೂಢಿಯ ಅಭಿಪ್ರಾಯ. ಈ ಅಭಿಪ್ರಾಯ ಅರ್ಧ ಸತ್ಯ ಎಂಬುದು ಪ್ರಸ್ತುತ ಲೇಖನದ ವಾದ. ಬಾಲ್ ಆ ಚೌಕಟ್ಟನ್ನು ಒಂದು ಮುಖ್ಯ ಜಾಗದಲ್ಲಿ ತಿದ್ದಿದ್ದಾರೆ. ಪ್ರಾಧ್ಯಾಪಕಿಯಾಗಿದ್ದೂ ಅವರು ದಿನವೂ ಪಾಠ ಮಾಡುತ್ತಿದ್ದ ಮೂರನೆಯ ತರಗತಿಯನ್ನು ಬಿಟ್ಟು ಆ ತಿದ್ದುಪಡಿಯನ್ನು ಅರ್ಥಮಾಡಿಕೊಳ್ಳಲಾಗದು.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಶಿಕ್ಷಕರು ಎಷ್ಟು ಉನ್ನತ ಗಣಿತ ಕೋರ್ಸುಗಳನ್ನು ಓದಿದ್ದಾರೆ ಎಂಬುದಕ್ಕೂ ಮಕ್ಕಳ ಕಲಿಕೆಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ ಎಂದು 1979ರಲ್ಲಿ ಎಡ್ವರ್ಡ್ ಬೇಗಲ್ ತೋರಿಸಿದರು. ಪಾಂಡಿತ್ಯವನ್ನೂ ಬೋಧನ ಕೌಶಲವನ್ನೂ ಬೇರೆ ಬೇರೆಯಾಗಿ ಅಳೆಯುವ ಪದ್ಧತಿಯನ್ನು 1986ರಲ್ಲಿ ಪ್ರಶ್ನಿಸಿದ ಶುಲ್ಮನ್, ಇವೆರಡೂ ಬೆಸೆದುಕೊಂಡ ಬೋಧನಾತ್ಮಕ ವಿಷಯಜ್ಞಾನವೇ ಶಿಕ್ಷಕರ ವೈಶಿಷ್ಟ್ಯ ಎಂದರು. ಲಿಪಿಂಗ್ ಮಾ ಅವರ 1999ರ ಗ್ರಂಥ ಬಾಲ್ ರೂಪಿಸಿದ್ದ ಪ್ರಶ್ನೆಗಳನ್ನೇ ಬಳಸಿಕೊಂಡಿತು. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸುವ ಲೆಕ್ಕಕ್ಕೆ 23 ಅಮೆರಿಕನ್ ಶಿಕ್ಷಕರಲ್ಲಿ 9 ಮಂದಿ ಮಾತ್ರ ಪೂರ್ಣ ಸರಿಯುತ್ತರ ಕೊಟ್ಟರೆ, ಚೀನಾದ 72 ಶಿಕ್ಷಕರೂ ಸರಿಯುತ್ತರ ಕೊಟ್ಟಿದ್ದರು. ಹೆದರ್ ಹಿಲ್, ಬ್ರಯಾನ್ ರೋವನ್ ಮತ್ತು ಬಾಲ್ 2005ರಲ್ಲಿ ಪ್ರಕಟಿಸಿದ ಅಧ್ಯಯನವು, ಬೋಧನೆಗೆ ಬೇಕಾದ ಗಣಿತಜ್ಞಾನ ಹೆಚ್ಚಿದ್ದ ಶಿಕ್ಷಕರ ಒಂದನೆಯ ಮತ್ತು ಮೂರನೆಯ ತರಗತಿಯ ಮಕ್ಕಳು ಹೆಚ್ಚು ಪ್ರಗತಿ ತೋರಿದ್ದನ್ನು ದಾಖಲಿಸಿತು. ಇಲ್ಲಿಯವರೆಗೆ ದೊಡ್ಡ ಭಿನ್ನಾಭಿಪ್ರಾಯವಿಲ್ಲ.

ವಿವಾದ ಇರುವುದು ಮಾರ್ಕ್ ಥೇಮ್ಸ್ ಮತ್ತು ಜೆಫ್ರಿ ಫೆಲ್ಪ್ಸ್ ಅವರೊಡನೆ ಬಾಲ್ ಬರೆದ 2008ರ ಲೇಖನದ ಒಂದು ಪ್ರತಿಪಾದನೆಯಲ್ಲಿ. ಬೋಧನೆಯ ಕೆಲಸಕ್ಕೆ ಮಾತ್ರ ಬೇಕಾಗುವ, ಆದರೂ ಅಪ್ಪಟ ಗಣಿತವೇ ಆಗಿರುವ ಒಂದು ವಿಶೇಷ ಜ್ಞಾನವಿದೆ. ಅದು ಮಕ್ಕಳ ಬಗೆಗಿನ ತಿಳಿವಳಿಕೆಯೂ ಅಲ್ಲ, ಬೋಧನ ತಂತ್ರವೂ ಅಲ್ಲ ಎಂಬುದು ಆ ಪ್ರತಿಪಾದನೆ. ಅಲ್ಲಿನ ಉದಾಹರಣೆ 307ರಿಂದ 168 ಕಳೆಯುವ ಲೆಕ್ಕ. ಉತ್ತರ 139. ಒಬ್ಬ ವಿದ್ಯಾರ್ಥಿ 261 ಎಂದು ಬರೆದಿದ್ದರೆ ಅದು ತಪ್ಪೆಂದು ಲೆಕ್ಕ ಬಲ್ಲ ಯಾರಾದರೂ ಹೇಳಬಲ್ಲರು. ಆ 261 ಎಲ್ಲಿಂದ ಬಂತು ಎಂಬುದು ಶಿಕ್ಷಕರ ಪ್ರಶ್ನೆ. ಬಿಡಿಸ್ಥಾನದಲ್ಲಿ 8ರಿಂದ 7 ಕಳೆದರೆ 1, ಹತ್ತರ ಸ್ಥಾನದಲ್ಲಿ 6ರಿಂದ ಸೊನ್ನೆ ಕಳೆದರೆ 6, ನೂರರ ಸ್ಥಾನದಲ್ಲಿ 3ರಿಂದ 1 ಕಳೆದರೆ 2. ಪ್ರತಿ ಸ್ಥಾನದಲ್ಲೂ ಮೇಲೆ ಯಾವುದು, ಕೆಳಗೆ ಯಾವುದು ಎಂದು ನೋಡದೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಲಾಗಿದೆ. ಇನ್ನೊಬ್ಬ ವಿದ್ಯಾರ್ಥಿ ಎರಡೂ ಸಂಖ್ಯೆಗಳಿಗೆ 2 ಕೂಡಿಸಿ, 309ರಿಂದ 170 ಕಳೆದು, 139 ಎಂದು ಹೇಳಿದನೆನ್ನೋಣ. ಈ ದಾರಿ ಎಲ್ಲ ಸಂಖ್ಯೆಗಳಿಗೂ ಸಲ್ಲುತ್ತದೆಯೇ ಎಂದು ಅಲ್ಲೇ ತೀರ್ಮಾನಿಸಬೇಕಾದವರೂ ಶಿಕ್ಷಕರೇ.

ಇದು ಶುಲ್ಮನ್ ಹೇಳಿದ ಜ್ಞಾನವೇ ಅಲ್ಲವೇ ಎಂಬುದು ಮೊದಲ ಆಕ್ಷೇಪ. ಶಿಕ್ಷಕರ ಮನಸ್ಸಿನಲ್ಲಿ ಗಣಿತ ಮತ್ತು ಮಗುವಿನ ಪರಿಚಯ ಒಟ್ಟಿಗೇ ಕೆಲಸ ಮಾಡುತ್ತವೆ. ನಡುವೆ ಗೆರೆ ಎಳೆಯುವುದು ಕೃತಕ ಎಂದು ವಿಮರ್ಶಕರು ಹೇಳುತ್ತಾರೆ. ಗೆರೆ ಎಲ್ಲೆಡೆ ಸ್ಪಷ್ಟವಿಲ್ಲ ಎಂದು ಬಾಲ್ ಮತ್ತು ಸಂಗಡಿಗರೂ ಒಪ್ಪಿದ್ದಾರೆ. ಆದರೆ ಗೆರೆಯನ್ನು ಮನಸ್ಸಿನೊಳಗೆ ಹುಡುಕುವ ಬದಲು ಪುರಾವೆಯಲ್ಲಿ ಹುಡುಕಿದರೆ ಅದು ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. 261 ಯಾವ ಕ್ರಮದಿಂದ ಹುಟ್ಟಿರಬಹುದು ಎಂಬುದನ್ನು ಸ್ಥಾನಬೆಲೆಯ ವಿಶ್ಲೇಷಣೆಯಿಂದಲೇ ಪರೀಕ್ಷಿಸಬಹುದು. ಅದಕ್ಕೆ ಒಂದು ಮಗುವನ್ನೂ ಕಂಡಿರಬೇಕಿಲ್ಲ. ಆ ತಪ್ಪು ಎಷ್ಟು ಸಾಮಾನ್ಯ, ಯಾವ ವಯಸ್ಸಿನಲ್ಲಿ ಹೆಚ್ಚು ಎಂಬುದನ್ನಾದರೋ ಮಕ್ಕಳನ್ನು ಗಮನಿಸದೆ ತಿಳಿಯಲಾಗದು. ಎರಡು ಹೇಳಿಕೆಗಳನ್ನು ಎರಡು ಬಗೆಯ ಪುರಾವೆ ಸಮರ್ಥಿಸುವುದಾದರೆ, ಕಲಿಸುವ ಹೊತ್ತಿನಲ್ಲಿ ಅವು ಎಷ್ಟೇ ಬೆರೆತರೂ, ಕಲಿಯುವ ಹಂತದಲ್ಲಿ ಬೇರೆಯಾಗಿಯೇ ಇರಬಲ್ಲವು. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಬಿ.ಇಡಿ. ವಿದ್ಯಾರ್ಥಿಗೆ ಮೊದಲನೆಯದನ್ನು ಕಲಿಸಬಹುದು, ಎರಡನೆಯದನ್ನು ವರದಿಯಾಗಿ ಮಾತ್ರ ಹೇಳಬಹುದು. ಈ ವಾದವನ್ನು ನಾನು ಪ್ರಾಥಮಿಕ ಗಣಿತಕ್ಕಷ್ಟೇ ಸೀಮಿತಗೊಳಿಸುತ್ತೇನೆ. ಅಲ್ಲಿಯೂ ಇದು ಜ್ಞಾನದ ಬಗೆಗಳನ್ನು ಬೇರ್ಪಡಿಸುತ್ತದೆಯೇ ಹೊರತು, ಪ್ರಶ್ನಾವಳಿಯ ಅಂಕಗಳಲ್ಲಿ ಅವು ಬೇರೆಯಾಗಿ ಕಾಣುತ್ತವೆ ಎಂದು ಹೇಳುವುದಿಲ್ಲ.

ಎರಡನೆಯ ಆಕ್ಷೇಪ ಇನ್ನಷ್ಟು ಬಲವಾದದ್ದು: ಇದು ಗಣಿತವೇ ಆದರೆ ಗಣಿತಜ್ಞರಿಗೂ ಗೊತ್ತಿರಬೇಕಲ್ಲ? ಇದಕ್ಕೆ ಉತ್ತರ ಮೂರನೆಯ ತರಗತಿಯ ದಾಖಲೆಯಲ್ಲಿದೆ. 1989–90ರಲ್ಲಿ, ಆಗ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಬಾಲ್ ಹತ್ತಿರದ ಸರ್ಕಾರಿ ಶಾಲೆಯಲ್ಲಿ ವರ್ಷವಿಡೀ ಗಣಿತ ಕಲಿಸಿದರು. ಪಾಠಗಳ ಧ್ವನಿ ಮತ್ತು ವಿಡಿಯೊ ಮುದ್ರಣ, ಮಕ್ಕಳ ನೋಟ್‌ಬುಕ್, ತಮ್ಮ ದಿನಚರಿ ಎಲ್ಲವನ್ನೂ ಉಳಿಸಿಕೊಂಡರು. 1990ರ ಜನವರಿಯ ಒಂದು ದಿನ, ಅವರ ಬರಹದಲ್ಲಿ ಶಾನ್ ಎಂದು ಕರೆಯಲಾದ ಬಾಲಕ, 6 ಸಮಸಂಖ್ಯೆಯೂ ಹೌದು, ಬೆಸಸಂಖ್ಯೆಯೂ ಹೌದು ಎಂದ. ಆರರಲ್ಲಿ ಎರಡರ ಗುಂಪುಗಳು ಮೂರಿವೆ, ಮೂರು ಬೆಸ ಎಂಬುದು ಅವನ ಕಾರಣ. ಹಾಗಾದರೆ 10ರಲ್ಲಿ ಎರಡರ ಗುಂಪುಗಳು ಐದಿವೆ, ಅದನ್ನೂ ಹಾಗೇ ಕರೆಯಬೇಕಾಗುತ್ತದೆ ಎಂದು ಸಹಪಾಠಿಯೊಬ್ಬಳು ವಿರೋಧಿಸಿದಾಗ ಅವನು ಅದನ್ನೂ ಸಂತೋಷದಿಂದ ಒಪ್ಪಿಕೊಂಡ. ಬಾಲ್ ಅವನನ್ನು ತಿದ್ದಿ ಮುಗಿಸಲಿಲ್ಲ. 2, 6, 10, 14 ಎಂಬ ಈ ಸಾಲಿಗೆ ಅವನದೇ ಹೆಸರಿಟ್ಟು, ಅದರ ಗುಣಗಳನ್ನು ಹುಡುಕಲು ತರಗತಿಗೆ ಬಿಟ್ಟರು. ಇಂಥ ಎರಡನ್ನು ಕೂಡಿದರೆ ಯಾವಾಗಲೂ ನಾಲ್ಕರ ಗುಣಕ ಬರುತ್ತದೆ: 6 ಮತ್ತು 10 ಸೇರಿ 16. ಯೂಕ್ಲಿಡನ ‘ಎಲಿಮೆಂಟ್ಸ್’ನ ಏಳನೆಯ ಪುಸ್ತಕವೂ ಇಂಥ ಸಂಖ್ಯೆಗಳನ್ನು ಒಳಗೊಳ್ಳುವ ಒಂದು ವ್ಯಾಖ್ಯೆ ಕೊಟ್ಟಿದೆ. ಈ ಸಾಲು ಗಣಿತಜ್ಞರಿಗೆ ಹೊಸದಲ್ಲ. ಆದರೆ ತಪ್ಪೆಂದು ತೋರುವ ಮಾತು ಯಾವ ವ್ಯಾಖ್ಯೆಯ ಪ್ರಕಾರ ನಿಜವಾದೀತು ಎಂದು, ಇಡೀ ತರಗತಿ ಕಾಯುತ್ತಿರುವಾಗ, ಬಿಚ್ಚಿ ನೋಡುವ ಅಗತ್ಯ ಅವರ ನಿತ್ಯದ ಕೆಲಸದಲ್ಲಿ ಬೀಳುವುದಿಲ್ಲ. ಹಾಗಾಗಿ ಈ ಜ್ಞಾನ ಗಣಿತಜ್ಞರ ಕೈಗೆಟುಕದ್ದೇನೂ ಅಲ್ಲ. ಬೋಧನೆ ಅದನ್ನು ನಿತ್ಯವೂ ಬೇಡುತ್ತದೆ, ಬೇಡುವುದರಿಂದಲೇ ಅದನ್ನು ಉದ್ದೇಶಪೂರ್ವಕವಾಗಿ ಕಲಿಸಬೇಕಾಗುತ್ತದೆ.

ಒಂದೇ ತರಗತಿ, ಅದರಲ್ಲೂ ಸಂಶೋಧಕಿಯೇ ಶಿಕ್ಷಕಿ. ಇದರಿಂದ ಎಷ್ಟು ಸಾಧಿಸಬಹುದು ಎಂದು ಕೇಳಬಹುದು. ಸಾಮಾನ್ಯ ನಿಯಮವನ್ನು ಸ್ಥಾಪಿಸಲು ಇದು ಸಾಲದು, ನಿಜ. ಆದರೆ ತಪ್ಪು ಕಲ್ಪನೆಗೆ ಹೆಸರಿಟ್ಟು ಮನ್ನಣೆ ಕೊಟ್ಟದ್ದು ಉಳಿದ ಮಕ್ಕಳನ್ನು ಗೊಂದಲಕ್ಕೆ ತಳ್ಳುವುದಿಲ್ಲವೇ ಎಂಬ ಚರ್ಚೆಯನ್ನು ಇಂದಿಗೂ ನಡೆಸಬಹುದಾಗಿರುವುದು, ಆ ದಿನದ ಮಾತುಕತೆ ಎಲ್ಲರ ಮುಂದೆ ಇರುವುದರಿಂದಲೇ. ಅದೇ ವರ್ಷ ಐದನೆಯ ತರಗತಿಗೆ ಗಣಿತ ಕಲಿಸಿದ ಸಹೋದ್ಯೋಗಿ ಮ್ಯಾಗ್ಡಲೀನ್ ಲ್ಯಾಂಪರ್ಟ್ ಕೂಡ ಇದೇ ಹಾದಿ ಹಿಡಿದು, ಆ ದಾಖಲೆಗಳಿಂದ 2001ರಲ್ಲಿ ಗ್ರಂಥ ಹೊರತಂದರು. ಶಿಕ್ಷಕರ ಶಿಕ್ಷಕರೊಬ್ಬರು ತಮ್ಮ ಪಾಠವನ್ನೇ ಬೇರೆಯವರ ವಿಮರ್ಶೆಗೆ ಒಡ್ಡುವುದು ಅಪರೂಪದ ವಿದ್ವತ್ ಪ್ರಾಮಾಣಿಕತೆ. ಬಾಲ್ ಅವರಿಗೆ ಸಲ್ಲಬೇಕಾದ ಗೌರವದಲ್ಲಿ ಇದಕ್ಕೇ ಮೊದಲ ಸ್ಥಾನ ಎಂಬುದು ನನ್ನ ದೃಢ ಅಭಿಪ್ರಾಯ.

ಕೆಲವು ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. 2005ರ ಅಧ್ಯಯನ ಈಗಾಗಲೇ ವೃತ್ತಿಯಲ್ಲಿದ್ದ ಶಿಕ್ಷಕರ ಜ್ಞಾನವನ್ನು ಅಳೆದದ್ದು. ತರಬೇತಿಯಲ್ಲಿ ಈ ಜ್ಞಾನವನ್ನು ಕೊಟ್ಟರೆ ಮುಂದೆ ಅವರ ಮಕ್ಕಳ ಕಲಿಕೆ ಸುಧಾರಿಸುತ್ತದೆ ಎಂಬುದನ್ನು ಅದರಿಂದ ಹೇಳಲಾಗದು. ಪುರಾವೆಯ ಆಧಾರದ ಮೇಲೆ ಇಲ್ಲಿ ಎಳೆದ ಗೆರೆ ಭಾಷೆ, ಚರಿತ್ರೆಯಂಥ ವಿಷಯಗಳಲ್ಲಿ ನಿಲ್ಲುತ್ತದೆಯೇ ಎಂಬುದೂ ಸಂದೇಹಾಸ್ಪದ. ಅಲ್ಲಿ ವಿದ್ಯಾರ್ಥಿಯ ಉತ್ತರ ಹುಟ್ಟಿದ ಬಗೆಯನ್ನು ಹಾಳೆಯಿಂದಷ್ಟೇ ಓದುವುದು ಕಷ್ಟ. ಆಯಾ ವಿಷಯಗಳಲ್ಲಿ ಇಷ್ಟೇ ತಾಳ್ಮೆಯಿಂದ ದಾಖಲಿಸಿದ ತರಗತಿಗಳು ಅಧ್ಯಯನಕ್ಕೆ ಸಿಕ್ಕಾಗ ಈ ವಾದವನ್ನು ಮತ್ತೆ ಒರೆಗೆ ಹಚ್ಚಬೇಕಾಗುತ್ತದೆ.